ನನ್ನ ಮಗ ಯಾವಾಗ ನಡೆಯುತ್ತಾನೆ?

ಪ್ರಶ್ನೆ: ನಾವು ತಿಪಟೂರು ಕಡೆಯವರು. ಮಗನಿಗೆ ಈಗ 2 ವರ್ಷ 4 ತಿಂಗಳು. 31 ವಾರಕ್ಕೇ ಹುಟ್ಟಿದ, ತೂಕ 1.4 ಕೆಜಿ. ಒಂದು ತಿಂಗಳು ಹಸುಗೂಸುಗಳ ತೀವ್ರ ನಿಗಾ ಘಟಕ ಎನ್‌ಐಸಿಯುನಲ್ಲಿದ್ದ. ಒಂದೂವರೆ ವರ್ಷ ಆದರೂ ನಿಲ್ಲಲಿಲ್ಲ ಅಂತ ತೋರಿಸಿದಾಗ ಸೆರೆಬ್ರಲ್ ಪಾಲ್ಸಿ, ಸ್ಪಾಸ್ಟಿಕ್ ಡೈಪ್ಲೀಜಿಯಾ ಅಂದರು. ಎರಡು ವರ್ಷ ತುಂಬುವ ಮೊದಲೇ ತಾನಾಗಿ ಕೂರಲು ಕಲಿತ. ತೆವಳುತ್ತಾನೆ. ಎತ್ತಿ ನಿಲ್ಲಿಸಿದರೆ ಎರಡು ಕಾಲೂ ಕತ್ತರಿ ಹಾಗೆ ಒಂದರ ಮೇಲೊಂದು ಬರುತ್ತವೆ, ತುದಿಗಾಲಲ್ಲಿ ನಿಲ್ಲುತ್ತಾನೆ. ವಾರಕ್ಕೆ ಎರಡು ಸಲ ಬಸ್ಸಲ್ಲಿ ತುಮಕೂರಿಗೆ ಫಿಸಿಯೋಥೆರಪಿಗೆ ಕರೆದೊಯ್ಯುತ್ತೇನೆ. ಮನೆಯಲ್ಲಿ ಅತ್ತೆ ಎಣ್ಣೆ ಹಚ್ಚಿ ಕಾಲು ಎಳೆದು ನೀವುತ್ತಾರೆ, ಅವನು ಕಿರುಚುತ್ತಾನೆ. ಊಟ ಮಾಡಿಸಲು ಒಂದು ಗಂಟೆ ಬೇಕು, ಮಧ್ಯೆ ಕೆಮ್ಮುತ್ತಾನೆ. ಸ್ಟೆಮ್ ಸೆಲ್ ಮಾಡಿಸಿದರೆ ಸರಿಹೋಗುತ್ತೆ ಅಂತ ಒಬ್ಬರು ಹೇಳಿದ್ದಾರೆ, ಲಕ್ಷಗಟ್ಟಲೆ ಖರ್ಚು. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಬಿಟ್ಟುಬಿಡಲಾ? ಆರು ವರ್ಷದ ಮಗಳೂ ಇದ್ದಾಳೆ. ಅವನು ಯಾವಾಗ ನಡೆಯುತ್ತಾನೆ? ಬಸುರಿಯಾಗಿದ್ದಾಗ ನಾನು ಬಸ್ಸಲ್ಲಿ ಓಡಾಡಿದ್ದೇ ಇದಕ್ಕೆಲ್ಲ ಕಾರಣ ಅಂತ ಮನೆಯಲ್ಲಿ ಅನ್ನುತ್ತಾರೆ. ಹೌದಾ?

ಉತ್ತರ: ನೀವು ಕೊನೆಗೆ ಕೇಳಿದ್ದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಅಲ್ಲ. ನೀವು ಬಸ್ಸಲ್ಲಿ ಓಡಾಡಿದ್ದಕ್ಕೂ ಮಗನ ಕಾಲಿನ ಬಿಗಿತಕ್ಕೂ ಸಂಬಂಧ ಇಲ್ಲ. ಈ ಮಾತನ್ನು ಮನೆಯವರೆಲ್ಲರ ಎದುರಿಗೆ ಗಟ್ಟಿಯಾಗಿ ಓದಿ ಹೇಳಿ.

ಆಗಿರುವುದು ಏನು ಅಂದರೆ, ಹೊಟ್ಟೆಯಲ್ಲಿರುವ ಮಗುವಿಗೆ 24ರಿಂದ 34 ವಾರ ನಡೆಯುತ್ತಿರುವಾಗ ಮೆದುಳಿನ ಒಳಭಾಗ ತುಂಬ ನಾಜೂಕು. ಆ ಹೊತ್ತಿಗೇ ಹುಟ್ಟಿಬಿಟ್ಟರೆ, ಉಸಿರಾಟದಲ್ಲೋ ರಕ್ತದೊತ್ತಡದಲ್ಲೋ ಏರುಪೇರಾದಾಗ ಮೆದುಳಿನ ನಡುವೆ ನೀರು ತುಂಬಿರುವ ಗೂಡುಗಳ ಪಕ್ಕದ ಭಾಗಕ್ಕೆ ಪೆಟ್ಟು ಬೀಳಬಹುದು. ಕಾಲಿಗೆ ಹೋಗುವ ನರದ ಎಳೆಗಳು ಸರಿಯಾಗಿ ಆ ಗೂಡಿನ ಅಂಚಿನಲ್ಲೇ ಹಾದುಹೋಗುತ್ತವೆ. ಕೈಯ ಎಳೆಗಳು ಸ್ವಲ್ಪ ಆಚೆ, ಮುಖದವು ಇನ್ನೂ ಆಚೆ. ಅದಕ್ಕೇ ದಿನ ತುಂಬುವ ಮುಂಚೆ ಹುಟ್ಟಿದ ಮಕ್ಕಳಿಗೆ ಕೈಗಿಂತ ಕಾಲಿನ ತೊಂದರೆ ಜಾಸ್ತಿ. ಎಳೆಯ ಮೆದುಳಿಗೆ ಪೆಟ್ಟಾಗಿ ಮೈಯ ಚಲನೆ ಕೆಡುವುದಕ್ಕೆ ಸೆರೆಬ್ರಲ್ ಪಾಲ್ಸಿ, ಚಿಕ್ಕದಾಗಿ ಸಿಪಿ ಅನ್ನುತ್ತಾರೆ. ಸ್ಪಾಸ್ಟಿಕ್ ಅಂದರೆ ಬಿಗಿತ, ಡೈಪ್ಲೀಜಿಯಾ ಅಂದರೆ ಹೀಗೆ ಕಾಲಿಗೇ ಜಾಸ್ತಿ ಆಗಿರುವುದು. ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ ಕಾರಣ ಬೇರೆ ಇರುತ್ತದೆ. ಹುಟ್ಟಿದ ತಕ್ಷಣ ಅಳದೇ ಇರುವುದು, ಕಾಮಾಲೆ ವಿಪರೀತ ಏರುವುದು, ಮೆದುಳು ಜ್ವರ ಬರುವುದು, ಹೀಗೆ. ನಿಮ್ಮ ಮಗನದು ಬೇಗ ಹುಟ್ಟಿದ್ದರಿಂದ ಆಗಿರುವ ಹಾಗೆ ಕಾಣುತ್ತದೆ. ಗ್ರಹಣ ನೋಡಿದ್ದು, ಬಸ್ಸು ಹತ್ತಿದ್ದು ಯಾವುದೂ ಇದರಲ್ಲಿ ಇಲ್ಲ.

ಆ ಪೆಟ್ಟು ಆಗಿ ಮುಗಿದಿದೆ. ಮೆದುಳಿನಲ್ಲಿ ಅದು ದಿನೇ ದಿನೇ ಹರಡುವುದಿಲ್ಲ. ಆದರೆ ಮಗು ಬೆಳೆಯುತ್ತದೆ ಅಲ್ವಾ? ಮೂಳೆ ಉದ್ದವಾಗುತ್ತದೆ, ಬಿಗಿಯಾದ ಸ್ನಾಯು ಅದರ ಜೊತೆ ಅಷ್ಟೇ ಬೇಗ ಉದ್ದವಾಗುವುದಿಲ್ಲ. ಹಿಮ್ಮಡಿ ಮೇಲೇಳುವುದು, ಮೊಣಕಾಲು ಮಡಚಿಕೊಳ್ಳುವುದು, ಸೊಂಟದ ಕೀಲು ಜರುಗುವುದು ಎಲ್ಲ ಇದರಿಂದಲೇ. ನಾವೆಲ್ಲ ಸೇರಿ ತಡೆಯಬೇಕಾಗಿರುವುದು ಇದನ್ನು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಇಂಥ ದಿನ, ಇಂಥ ತಿಂಗಳು ಅಂತ ಹೇಳುವವರನ್ನು ನಂಬಬೇಡಿ. ಆದರೆ ಅಂದಾಜು ಖಂಡಿತ ಹೇಳಬಹುದು. ಸಿಪಿ ಇರುವ ಮಕ್ಕಳ ಓಡಾಟವನ್ನು ಐದು ಹಂತಗಳಲ್ಲಿ ಗುರುತಿಸುವ ಪದ್ಧತಿ 1997ರಿಂದ ಬಳಕೆಯಲ್ಲಿದೆ. ಜಿಎಂಎಫ್‌ಸಿಎಸ್ ಅನ್ನುತ್ತಾರೆ. ಒಂದನೇ ಹಂತದ ಮಗು ಓಡುತ್ತದೆ, ಹಾರುತ್ತದೆ. ಐದನೇ ಹಂತದ ಮಗುವಿಗೆ ತಲೆ ನಿಲ್ಲಿಸಲೂ ಆಸರೆ ಬೇಕು. ಮಗು ಎರಡು ವರ್ಷದೊಳಗೆ ಯಾರ ಆಸರೆಯೂ ಇಲ್ಲದೆ ಕೂತರೆ, ಅದು ಒಂದಲ್ಲ ಒಂದು ರೀತಿ ನಡೆಯುವ ಸಾಧ್ಯತೆ ಚೆನ್ನಾಗಿದೆ ಅಂತ ಅರ್ಥ. ನಿಮ್ಮ ಮಗ ಕೂತಿದ್ದಾನೆ, ತೆವಳುತ್ತಿದ್ದಾನೆ. ನೀವು ಬರೆದಿದ್ದನ್ನು ನೋಡಿದರೆ ಎರಡನೇ ಅಥವಾ ಮೂರನೇ ಹಂತ ಇರಬಹುದು ಅನ್ನಿಸುತ್ತದೆ. ಅಂದರೆ ಮುಂದೆ ವಾಕರ್ ಹಿಡಿದೋ, ಕೋಲು ಊರಿಯೋ, ಮನೆಯೊಳಗೆ ಕೈಬಿಟ್ಟೋ ನಡೆಯಬಹುದು. ಜಾತ್ರೆಗೋ ದೂರದ ಶಾಲೆಗೋ ಹೋಗುವಾಗ ಗಾಲಿಕುರ್ಚಿ ಬೇಕಾಗಬಹುದು. ಅದು ಸೋಲಲ್ಲ. ಸ್ನೇಹಿತರ ಜೊತೆ ಹೋಗಲಿಕ್ಕೆ ಅವನಿಗೆ ಅದೇ ದಾರಿ. ಹಂತ ಯಾವುದು ಅಂತ ನಿಮ್ಮ ಥೆರಪಿಸ್ಟನ್ನೇ ಕೇಳಿ, ಅವನನ್ನು ಕಣ್ಣಾರೆ ನೋಡಿದವರು ಅವರು. ಇಂಥ ಮಕ್ಕಳು ಕೂರುವುದು, ನಿಲ್ಲುವುದು, ನಡೆಯುವುದು ಇವುಗಳಲ್ಲಿ ಬಹುಪಾಲನ್ನು ಸುಮಾರು ಐದು ವರ್ಷದೊಳಗೇ ಕಲಿಯುತ್ತಾರೆ. ಅವನಿಗಿನ್ನೂ ಎರಡು ವರ್ಷ ನಾಲ್ಕು ತಿಂಗಳು. ಕೈಯಲ್ಲಿ ಸಮಯ ಇದೆ.

ಈ ಸಮಯವನ್ನು ಬಳಸುವುದು ಹೇಗೆ? ತುಮಕೂರಿನಲ್ಲಿ ಅವನಿಗೆ ಸಿಗುವುದು ವಾರಕ್ಕೆ ಎರಡು ಗಂಟೆ ಅಂತ ಇಟ್ಟುಕೊಳ್ಳೋಣ. ವಾರದಲ್ಲಿರುವುದು 168 ಗಂಟೆ. ಉಳಿದ 166 ಗಂಟೆಯಲ್ಲಿ ಅವನನ್ನು ಹೇಗೆ ಎತ್ತಿಕೊಳ್ಳುತ್ತೀರಿ, ಹೇಗೆ ಕೂರಿಸುತ್ತೀರಿ, ಹೇಗೆ ಉಣಿಸುತ್ತೀರಿ, ಯಾವುದನ್ನು ಅವನೇ ಮಾಡಲಿ ಅಂತ ಬಿಡುತ್ತೀರಿ ಅನ್ನುವುದೇ ದೊಡ್ಡ ಥೆರಪಿ. ಮಕ್ಕಳ ಫಿಸಿಯೋಥೆರಪಿ ಕೆಲಸಕ್ಕೆ ನಾನು ಬಂದು ಇಪ್ಪತ್ತು ವರ್ಷಕ್ಕೂ ಮೇಲಾಯಿತು. ದಿನಕ್ಕೆ ಎರಡು ಗಂಟೆ ಮಗುವನ್ನು ಅಳಿಸಿ ವ್ಯಾಯಾಮ ಮಾಡಿಸಿದ ಮನೆಗಿಂತ, ದಿನವಿಡೀ ಸರಿಯಾಗಿ ಕೂರಿಸಿ ಆಟ ಆಡಿಸಿದ ಮನೆಯ ಮಗು ಮುಂದೆ ಬಂದಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಎತ್ತಿಕೊಳ್ಳುವುದರಿಂದ ಶುರು ಮಾಡಿ. ಎರಡು ಕಾಲನ್ನೂ ಜೋಡಿಸಿ ತೋಳಲ್ಲಿ ಮಲಗಿಸಿಕೊಂಡು ಓಡಾಡುತ್ತಿದ್ದರೆ ಬಿಟ್ಟುಬಿಡಿ. ಕತ್ತರಿ ಬೀಳುವ ಕಾಲಿಗೆ ಅದು ಇನ್ನಷ್ಟು ಕತ್ತರಿ ಕಲಿಸುತ್ತದೆ. ನಮ್ಮ ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಳ್ಳುತ್ತಾರಲ್ಲ, ಸೊಂಟದ ಎರಡೂ ಕಡೆ ಒಂದೊಂದು ಕಾಲು ಹಾಕಿ, ಅದಕ್ಕಿಂತ ಒಳ್ಳೆಯ ಭಂಗಿ ಇಲ್ಲ. ತೊಡೆ ಅಗಲವಾಗುತ್ತದೆ, ಬೆನ್ನು ನೆಟ್ಟಗಾಗುತ್ತದೆ, ಎರಡು ಕೈಗೂ ಬಿಡುವು ಸಿಗುತ್ತದೆ, ಸುತ್ತ ಏನಾಗುತ್ತಿದೆ ಅಂತ ಕಾಣುತ್ತದೆ. ಒಮ್ಮೆ ಒಬ್ಬರು ಅಜ್ಜಿ ಬಾಗಿಲಲ್ಲಿ ಹೀಗೆ ಮೊಮ್ಮಗನನ್ನು ಎತ್ತಿಕೊಂಡು ನಿಂತಿದ್ದರು. ಒಳಗೆ ಬಂದವರೇ, ಆಸ್ಪತ್ರೆಯಲ್ಲಿ ಹೀಗೆ ಎತ್ತಿಕೊಳ್ಳಬಾರದೇನೋ ಅಂತ ಬೇಗ ಬೇಗ ಮಡಿಲಲ್ಲಿ ಮಲಗಿಸಿಕೊಂಡರು. ಮತ್ತೆ ಕಂಕುಳಿಗೇ ಏರಿಸಿ ಅಂತ ನಾನೇ ಹೇಳಬೇಕಾಯಿತು.

ಈಗ ನಿಮ್ಮ ಅತ್ತೆಯವರ ಎಣ್ಣೆ ನೀವುವ ವಿಚಾರ. ಅವರ ಪ್ರೀತಿಗೆ ನಾನು ಅಡ್ಡ ಬರುವುದಿಲ್ಲ. ಎಣ್ಣೆ ಹಚ್ಚಲಿ, ಬಿಸಿನೀರು ಹಾಕಲಿ. ಎಳೆಯುವುದು ಮಾತ್ರ ಬೇಡ. ಬಿಗಿಯಾದ ಸ್ನಾಯುವಿನ ಗುಣ ಹೀಗಿದೆ: ಜೋರಾಗಿ, ತಟ್ಟನೆ ಎಳೆದರೆ ಅದು ತಿರುಗಿ ಎಳೆಯುತ್ತದೆ. ಮಗು ಅತ್ತರಂತೂ ಮೈಯೆಲ್ಲ ಬಿಗಿಯಾಗುತ್ತದೆ. ಹತ್ತು ನಿಮಿಷ ಎಳೆದು ಬಿಟ್ಟರೆ ಸ್ನಾಯು ಉದ್ದವಾಗುವುದೂ ಇಲ್ಲ. ಕಾಲ ಮೇಲೆ ಭಾರ ಹಾಕಿ ನಿಲ್ಲದ ಮಕ್ಕಳ ಮೂಳೆ ಗಟ್ಟಿ ಇರುವುದಿಲ್ಲ. ಜೋರಾಗಿ ನೀವಿ ತೊಡೆ ಮೂಳೆ ಮುರಿದದ್ದೂ ಉಂಟು.

ಅವರು ಮಾಡಬಹುದಾದ್ದು ಬೇರೆ ಇದೆ, ಅದು ಅವರಿಗೇ ಚೆನ್ನಾಗಿ ಬರುತ್ತದೆ. ಬಿಸಿನೀರು ಹಾಕಿದ ಮೇಲೆ ಮೈ ಸಡಿಲ ಇರುತ್ತದಲ್ಲ, ಆಗ ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕೂರಲಿ. ಅವನನ್ನು ತಮ್ಮ ಒಂದು ತೊಡೆಯ ಮೇಲೆ ಕುದುರೆ ಸವಾರಿ ಥರ ಆಚೆ ಈಚೆ ಕಾಲು ಹಾಕಿ ಕೂರಿಸಿಕೊಳ್ಳಲಿ. ಪಾದ ಎರಡೂ ನೆಲಕ್ಕೆ ಊರಿರಬೇಕು. ಮುಂದೆ ಒಂದು ಪಾತ್ರೆಯಲ್ಲಿ ನೀರು, ಒಂದು ಲೋಟ. ಅವನು ಬಗ್ಗಿ ಲೋಟದಲ್ಲಿ ನೀರು ತುಂಬಿ ಎತ್ತಲಿ, ಸುರಿಯಲಿ. ಬಗ್ಗುವಾಗ, ಏಳುವಾಗ ಪಾದಕ್ಕೆ ಭಾರ ಬೀಳುತ್ತದೆ, ತೊಡೆ ಅಗಲವಾಗಿಯೇ ಇರುತ್ತದೆ, ಬೆನ್ನಿಗೆ ಕೆಲಸ ಸಿಗುತ್ತದೆ. ಅರ್ಧ ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ. ಕಿರುಚಾಟ ಇಲ್ಲ. ಎಳೆಯುವುದಕ್ಕಿಂತ ಇದು ಎಷ್ಟೋ ಮೇಲು.

ಊಟದ ಕೆಮ್ಮು ನನಗೆ ಕಾಲಿಗಿಂತ ಜಾಸ್ತಿ ಚಿಂತೆಯ ವಿಷಯ. ಮಲಗಿಸಿಕೊಂಡು ಒಳಲೆಯಲ್ಲೋ ಚಮಚದಲ್ಲೋ ಬಾಯಿಗೆ ಸುರಿಯುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ತಲೆ ಹಿಂದಕ್ಕೆ ವಾಲಿದಾಗ ಉಸಿರಿನ ದಾರಿ ತೆರೆದಿರುತ್ತದೆ, ಗಂಜಿ ಅಲ್ಲಿಗೇ ಇಳಿಯಬಹುದು. ಪದೇ ಪದೇ ಕಫ, ಜ್ವರ, ನ್ಯುಮೋನಿಯಾ ಬರುವುದು ಹೀಗೇ. ಸೊಂಟ, ಮೊಣಕಾಲು, ಹಿಮ್ಮಡಿ ಮೂರೂ ಇಂಗ್ಲಿಷಿನ L ಅಕ್ಷರದಂತೆ ಮಡಚಿಕೊಳ್ಳುವ ಹಾಗೆ ಸಣ್ಣ ಕುರ್ಚಿಯಲ್ಲಿ ಕೂರಿಸಿ. ಪಾದ ನೆಲ ಮುಟ್ಟದಿದ್ದರೆ ಕೆಳಗೆ ಮಣೆ ಇಡಿ. ಪಕ್ಕಕ್ಕೆ ವಾಲಿದರೆ ಟವೆಲ್ ಸುರುಳಿ ಸುತ್ತಿ ಎರಡು ಬದಿಗೂ ಇಡಿ, ತೊಡೆಗಳ ನಡುವೆ ಇನ್ನೊಂದು. ನೀವು ಅವನಿಗಿಂತ ತಗ್ಗಿನಲ್ಲಿ, ನೇರ ಎದುರಿಗೆ ಕೂರಿ. ನೀವು ನಿಂತು ಉಣಿಸಿದರೆ ಅವನು ತಲೆ ಮೇಲೆತ್ತುತ್ತಾನೆ, ಮತ್ತೆ ಅದೇ ತೊಂದರೆ.

ಚಮಚ ಚಪ್ಪಟೆಯದಿರಲಿ. ತುಂಬ ತುಂಬಬೇಡಿ. ನಾಲಿಗೆಯ ಮಧ್ಯಕ್ಕೆ ಮೆಲ್ಲಗೆ ಒತ್ತಿ, ಅವನು ತುಟಿ ಮುಚ್ಚುವವರೆಗೆ ಕಾಯಿರಿ, ಆಮೇಲೆ ನೇರವಾಗಿ ಈಚೆ ತೆಗೆಯಿರಿ. ಮೇಲಿನ ಹಲ್ಲಿಗೆ ಒರೆಸಿ ತೆಗೆಯಬೇಡಿ. ಇಂಥ ಮಕ್ಕಳಿಗೆ ನೀರಿನಂತಿರುವುದನ್ನು ನುಂಗುವುದೇ ಕಷ್ಟ. ಆದ್ದರಿಂದ ತೆಳು ಗಂಜಿಗಿಂತ ಗಟ್ಟಿ ರಾಗಿ ಸರಿ ಒಳ್ಳೆಯದು. ನುಣ್ಣಗೆ ಕಿವುಚಿದ ಬಾಳೆಹಣ್ಣು, ಬೇಳೆ ಹಾಕಿ ಮೆತ್ತಗೆ ಬೇಯಿಸಿದ ಅನ್ನ ಕೊಡಿ. ಒಂದು ಚಮಚ ತುಪ್ಪ ಹಾಕಿ, ಬಿಗಿ ಮೈಯ ಮಕ್ಕಳಿಗೆ ಶಕ್ತಿ ಜಾಸ್ತಿ ಬೇಕು. ಅರ್ಧ ಗಂಟೆಗಿಂತ ಎಳೆಯಬೇಡಿ. ಹೊಟ್ಟೆ ತುಂಬದಿದ್ದರೆ ಎರಡು ಗಂಟೆ ಬಿಟ್ಟು ಇನ್ನೊಮ್ಮೆ ಸ್ವಲ್ಪ ಕೊಡಿ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಇಷ್ಟೆಲ್ಲ ಮಾಡಿದರೂ ಪ್ರತಿ ಊಟಕ್ಕೂ ಕೆಮ್ಮಿದರೆ, ನುಂಗಿದ ಮೇಲೆ ಗಂಟಲು ಗೊರಗೊರ ಅಂದರೆ, ತೂಕ ಏರದಿದ್ದರೆ ನುಂಗುವುದನ್ನು ಪರೀಕ್ಷೆ ಮಾಡಿಸಲೇಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಪರಿಣತರಿದ್ದಾರೆ. ಮಾತಿನ ವಿಚಾರಕ್ಕೂ ಅಲ್ಲಿಗೇ ಹೋಗಬಹುದು. ಮಲಬದ್ಧತೆ ಇದೆಯಾ ಅದನ್ನೂ ನೋಡಿ. ಹೊಟ್ಟೆ ಕಟ್ಟಿದ ದಿನ ಕಾಲಿನ ಬಿಗಿತವೂ ಏರುತ್ತದೆ.

ನಿಂತುಕೊಳ್ಳುವ ವಿಚಾರ. ಕಂಕುಳಿಗೆ ಕೈಹಾಕಿ ಎತ್ತಿ ತುದಿಗಾಲಲ್ಲಿ ಕುಣಿಸಬೇಡಿ. ಗಾಲಿ ಇರುವ, ಒಳಗೆ ಕೂತು ತಳ್ಳುವ ಬೇಬಿ ವಾಕರೂ ಬೇಡ. ಅದರಲ್ಲಿ ಮಗು ತುದಿಗಾಲಲ್ಲೇ ನೆಲ ಒದೆಯುತ್ತದೆ, ಆ ಅಭ್ಯಾಸವೇ ಗಟ್ಟಿಯಾಗುತ್ತದೆ. ಅದರ ಬದಲು ಎದೆಮಟ್ಟದ ಮಂಚಕ್ಕೋ ಬೆಂಚಿಗೋ ಆನಿಸಿ, ಪಾದ ಪೂರ್ತಿ ಊರಿ, ಕಾಲು ಸ್ವಲ್ಪ ಅಗಲಿಸಿ ನಿಲ್ಲಿಸಿ. ಇಲ್ಲೇ ನಿಮ್ಮ ಮಗಳ ಪಾತ್ರ. ಬೆಂಚಿನ ಮೇಲೆ ಅಂಗಡಿ ಇಡಲಿ. ನಿಮ್ಮೂರಲ್ಲಿ ಕರಟಕ್ಕೇನು ಬರ? ನಾಲ್ಕು ಕರಟದಲ್ಲಿ ಹುಣಸೆಬೀಜ, ಕಡ್ಡಿ, ಎಲೆ. ಬೀಜ ಬಾಯಿಗೆ ಹೋಗದ ಹಾಗೆ ದೊಡ್ಡವರೊಬ್ಬರು ಕಣ್ಣಿಟ್ಟಿರಲಿ. ತಮ್ಮ ಗಿರಾಕಿ, ಒಂದು ಕರಟದಿಂದ ಇನ್ನೊಂದಕ್ಕೆ ಸುರಿದು ಕೊಡಬೇಕು. ನಿಂತಿದ್ದೇನೆ ಅನ್ನುವುದೇ ಅವನಿಗೆ ಮರೆತುಹೋಗುತ್ತದೆ. ಆದರೆ ಒಂದು ಮಾತು. ಅವಳಿಗೆ ಆಡಬೇಕು ಅನ್ನಿಸಿದಾಗ ಮಾತ್ರ. ಆರು ವರ್ಷದ ಮಗುವಿಗೆ ತಮ್ಮನನ್ನು ನೋಡಿಕೊಳ್ಳುವ ಜವಾಬ್ದಾರಿ ಹೊರಿಸಬೇಡಿ. ವಾರದಲ್ಲಿ ಒಂದು ಹೊತ್ತಾದರೂ ನೀವೋ ನಿಮ್ಮ ಯಜಮಾನರೋ ಅವಳೊಬ್ಬಳ ಜೊತೆಗೇ ಇರಿ.

ಕಾಲಿನ ಸ್ಪ್ಲಿಂಟ್, ಅಂದರೆ ಪಾದ, ಹಿಮ್ಮಡಿಯನ್ನು ಸರಿಯಾಗಿ ಹಿಡಿದಿಡುವ ಎಎಫ್‌ಒ ಬರೆದುಕೊಟ್ಟಿದ್ದರೆ ತಪ್ಪದೆ ಹಾಕಿ. ಹೊಲಿಗೆ ಚುಚ್ಚದ ಕಾಲುಚೀಲ ಒಳಗಿರಲಿ, ಶೂ ಒಂದು ಸೈಜ್ ದೊಡ್ಡದಿರಲಿ. ಬಿಚ್ಚಿದಾಗ ಕೆಂಪು ಗುರುತು ಕಾಣುವುದು ಸಹಜ. ಅರ್ಧ ಗಂಟೆ ಕಳೆದರೂ ಹೋಗದಿದ್ದರೆ ಮಾಡಿಕೊಟ್ಟವರ ಹತ್ತಿರ ಸರಿಮಾಡಿಸಿ. ಸುಮ್ನೆ ಮೂಲೆಯಲ್ಲಿಡಬೇಡಿ. ಬಿಗಿತ ಜಾಸ್ತಿ ಇದ್ದರೆ ಡಾಕ್ಟರು ಸ್ನಾಯು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಹೇಳಬಹುದು. ಅದರ ಪರಿಣಾಮ ಮೂರು ನಾಲ್ಕು ತಿಂಗಳು. ಆ ತಿಂಗಳುಗಳಲ್ಲಿ ಸ್ಪ್ಲಿಂಟು, ಥೆರಪಿ ಚುರುಕಾಗಿ ನಡೆದರೆ ಮಾತ್ರ ಲಾಭ.

ಯಾರೂ ಹೇಳದೇ ಬಿಟ್ಟಿರಬಹುದು ಅನ್ನುವ ಭಯಕ್ಕೆ ಇದನ್ನು ಒತ್ತಿ ಬರೆಯುತ್ತಿದ್ದೇನೆ: ಸೊಂಟದ ಎಕ್ಸ್-ರೇ ತೆಗೆಸಿದ್ದೀರಾ? ಸಿಪಿ ಇರುವ ಮೂರು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ತೊಡೆ ಮೂಳೆಯ ಗುಂಡು ಗುಣಿಯಿಂದ ಮೆಲ್ಲಗೆ ಹೊರಗೆ ಜರುಗುತ್ತದೆ. ಮೊದಮೊದಲು ನೋವೇ ಇರುವುದಿಲ್ಲ. ನೋವು ಬರುವ ಹೊತ್ತಿಗೆ ತಡವಾಗಿರುತ್ತದೆ. ಬೇಗ ಗೊತ್ತಾದರೆ ಸಣ್ಣ ಆಪರೇಷನ್ನಿನಲ್ಲಿ ಮುಗಿಯಬಹುದು. ಇನ್ನೂ ತೆಗೆಸಿಲ್ಲದಿದ್ದರೆ ಈ ತಿಂಗಳೇ ತೆಗೆಸಿ. ಆಮೇಲೆ ಎಷ್ಟು ತಿಂಗಳಿಗೊಮ್ಮೆ ಅಂತ ಮಕ್ಕಳ ಮೂಳೆ ಡಾಕ್ಟರು ಹೇಳುತ್ತಾರೆ. ಕಣ್ಣು, ಕಿವಿ ಪರೀಕ್ಷೆಯೂ ಆಗಬೇಕು. 31 ವಾರಕ್ಕೆ ಹುಟ್ಟಿದ ಮಗುವಿಗೆ ಮೆಳ್ಳೆಗಣ್ಣು, ದೃಷ್ಟಿದೋಷ ಬರುವ ಸಂಭವ ಜಾಸ್ತಿ. ಕ್ಷಣಕಾಲ ಮಂಕಾಗಿ ಒಂದೇ ಕಡೆ ನೋಡುವುದು, ಮೈ ಜುಮ್ಮೆಂದು ಬೆಚ್ಚುವುದು ಕಂಡರೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ತೋರಿಸಿ, ಫಿಟ್ಸ್ ಇರಬಹುದು.

ಕಾಲು ಬಿಗಿ ಇದ್ದ ಮಾತ್ರಕ್ಕೆ ಬುದ್ಧಿ ಕಮ್ಮಿ ಅಂತ ಅಲ್ಲ. ಡೈಪ್ಲೀಜಿಯಾ ಇರುವ ಎಷ್ಟೋ ಮಕ್ಕಳು ಎಲ್ಲರ ಹಾಗೆ ಕಲಿಯುತ್ತಾರೆ. ಮುಂಬೈನ ಮಾಲಿನಿ ಚಿಬ್ ಅವರಿಗೆ ಸಿಪಿಯಿಂದ ಮಾತೂ ಕಷ್ಟ, ಒಂದೇ ಬೆರಳಲ್ಲಿ ಟೈಪ್ ಮಾಡುತ್ತಾರೆ. ಲಂಡನ್ನಿನಲ್ಲಿ ಎರಡು ಸ್ನಾತಕೋತ್ತರ ಪದವಿ ಪಡೆದವರು ಅವರು. ಅವರ ತಾಯಿ ಮಿಥು ಅಲೂರ್ 1972ರಲ್ಲಿ ಇಂಥ ಮಕ್ಕಳಿಗಾಗಿಯೇ ಮುಂಬೈಯಲ್ಲಿ ಶಾಲೆ ತೆರೆದರು. ನಿಮ್ಮ ಮಗನಿಗೂ ಕೇಳುವ ಮುಂಚೆಯೇ ಎಲ್ಲ ಕೈಗೆ ಕೊಡಬೇಡಿ. ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಬಿಸ್ಕತ್ತು ಹಿಡಿದು ಯಾವುದು ಬೇಕು ಅಂತ ಕೇಳಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಕಣ್ಣಲ್ಲೋ ಕೈಯಲ್ಲೋ ಬಾಯಲ್ಲೋ ಉತ್ತರ ಬರಲಿ. ಆ ಹತ್ತು ಎಣಿಸುವುದು ಅಜ್ಜಿಗೆ ತುಂಬ ಕಷ್ಟ ಆಗುತ್ತದೆ, ಆದರೂ ಎಣಿಸಲಿ. ಮೂರು ವರ್ಷ ತುಂಬುತ್ತಿದ್ದ ಹಾಗೆ ಅಂಗನವಾಡಿಗೆ ಕಳಿಸಿ. ನಡೆಯಲು ಬಂದ ಮೇಲೆ ಕಳಿಸೋಣ ಅಂತ ಕಾಯಬೇಡಿ.

ಸ್ಟೆಮ್ ಸೆಲ್, ಅಂದರೆ ಆಕರ ಜೀವಕೋಶಗಳನ್ನು ಮೈಗೆ ಸೇರಿಸುವ ಚಿಕಿತ್ಸೆ, ಬೇಡ. ರಕ್ತಕ್ಕೆ ಸಂಬಂಧಿಸಿದಂಥ ಕೆಲವು ಕಾಯಿಲೆಗಳನ್ನು ಬಿಟ್ಟರೆ ಉಳಿದ ಯಾವುದಕ್ಕೂ ಇದನ್ನು ಚಿಕಿತ್ಸೆ ಅಂತ ಕೊಡುವಂತಿಲ್ಲ, ಸಂಶೋಧನೆಯಲ್ಲಿ ಮಾತ್ರ ಬಳಸಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲೇ ಇದೆ. ಸಂಶೋಧನೆ ಅಂದಮೇಲೆ ನಿಮ್ಮಿಂದ ದುಡ್ಡು ಕೇಳುವ ಹಾಗಿಲ್ಲ. ಲಕ್ಷಗಟ್ಟಲೆ ಕೇಳುತ್ತಿದ್ದಾರೆ ಅಂದರೆ ಅಲ್ಲೇ ಗೊತ್ತಾಗಲಿಲ್ವಾ? ತೋಟ ಅಡವಿಟ್ಟು ಮಾಡಿಸಿ, ಆಮೇಲೆ ಥೆರಪಿಗೆ ಬಸ್ ಚಾರ್ಜಿಗೂ ದುಡ್ಡಿಲ್ಲದೆ ಕೂತ ಕುಟುಂಬವನ್ನು ನೋಡಿದ್ದೇನೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೆಲಸ ಬಿಡಬೇಡಿ. ಇದು ನನ್ನ ಖಚಿತ ಅಭಿಪ್ರಾಯ. ಈ ದಾರಿ ಉದ್ದ ಇದೆ, ದುಡ್ಡು ಬೇಕು, ನಿಮಗೆ ಮನೆಯಾಚೆ ನಾಲ್ಕು ಜನ ಬೇಕು. ಅಮ್ಮನನ್ನೇ ಥೆರಪಿಸ್ಟ್ ಮಾಡಿಬಿಟ್ಟರೆ ಮಗುವಿಗೆ ಅಮ್ಮ ಯಾರು? ಕೆಲಸ ಹಂಚಿ. ಬೆಳಗಿನ ಸ್ನಾನ, ತೊಡೆಯ ಮೇಲೆ ಕೂರಿಸುವುದು ಅಜ್ಜಿಗೆ. ಸಂಜೆ ಬೆಂಚಿಗೆ ನಿಲ್ಲಿಸುವುದು, ಸ್ಪ್ಲಿಂಟ್ ಹಾಕಿ ಬಿಚ್ಚುವುದು ಅವರಪ್ಪನಿಗೆ. ರಾತ್ರಿ ಊಟ ನಿಮಗೆ. ಅಪ್ಪಂದಿರು ಡಾಕ್ಟರ ಹತ್ತಿರ ದುಡ್ಡು ಕಟ್ಟಲು ಮಾತ್ರ ಬರುತ್ತಾರೆ ಅಂತ ನನಗೆ ಬೇಜಾರಿದೆ. ಸ್ಪ್ಲಿಂಟಿನ ಪಟ್ಟಿ ಬಿಗಿಯಲು ಕಲಿತ ಅಪ್ಪ ತಾನಾಗಿಯೇ ಮಗನ ಕಾಲಿನ ಲೆಕ್ಕ ಇಡಲು ಶುರು ಮಾಡುತ್ತಾನೆ.

ಕಾಗದಪತ್ರದ ಕೆಲಸವನ್ನೂ ಅವರಿಗೇ ವಹಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಇದೆ. ಶೇ. 40 ಅಥವಾ ಮೇಲ್ಪಟ್ಟು ಅಂತ ಪ್ರಮಾಣಪತ್ರ ಆದರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಮೊದಲು ವಿಕಲಚೇತನರ ಗುರುತಿನ ಚೀಟಿ, ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಇದಕ್ಕೇ ಇರುವವರು. ಮಾಸಾಶನದ ಅರ್ಜಿಗೂ ಅವರೇ ದಾರಿ ತೋರಿಸುತ್ತಾರೆ. ಇಂಥ ತೊಂದರೆ ಇರುವವರಿಗಾಗಿ ಕೇಂದ್ರ ಸರ್ಕಾರ ಮಾಡಿರುವ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿಯ ಖರ್ಚಿಗೂ ಸ್ವಲ್ಪ ಸಿಗುತ್ತದೆ. ಸಿಪಿ ಕುರ್ಚಿ, ಗಾಲಿಕುರ್ಚಿಗಳನ್ನು ಕೇಂದ್ರದ ಅಡಿಪ್ ಯೋಜನೆಯ ಶಿಬಿರಗಳಲ್ಲಿ ಕೊಡುತ್ತಾರೆ. ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ, ಅಂದರೆ ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೋಡುವ ಕೇಂದ್ರದಲ್ಲಿ, ಮಕ್ಕಳ ಡಾಕ್ಟರು, ಥೆರಪಿ, ಕಣ್ಣು, ಕಿವಿ ಪರೀಕ್ಷೆ ಒಂದೇ ಕಡೆ, ಉಚಿತ. ನೀವು ಈಗ ಹೋಗುತ್ತಿರುವುದು ಅಲ್ಲಿಗೇ ಅಲ್ಲದಿದ್ದರೆ ಒಮ್ಮೆ ವಿಚಾರಿಸಿ.

ಮುಂದಿನ ಸಲ ತುಮಕೂರಿಗೆ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಮಗುವನ್ನು ಅವರ ಕಂಕುಳಲ್ಲೇ ಬಿಡಿ. ಥೆರಪಿಸ್ಟಿಗೆ ಹೇಳಿ, ನನಗಲ್ಲ, ಇವರಿಗೆ ತೋರಿಸಿಕೊಡಿ ಅಂತ. ಅವರು ಕೈಯಾರೆ ಮಾಡಲಿ, ಥೆರಪಿಸ್ಟ್ ನೋಡಿ ತಿದ್ದಲಿ. ನೀವು ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಮನೆಗೆ ಬಂದ ಮೇಲೆ ಅವರಪ್ಪನಿಗೂ ತೋರಿಸಿ. ಸೊಂಟದ ಎಕ್ಸ್-ರೇ ಚೀಟಿ ಬರೆಸಿಕೊಂಡು ಬರುವುದನ್ನು ಮರೆಯಬೇಡಿ.